ಮಾನಿಟರಿಗೆ ಜ್ವರ, ಡ್ರೈವರಿಗೆ ಬರೆ

ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲದ ಒಂದು ಕೀಲಿ ಇದೆ. ವಿಂಡೋಸ್, ಕಂಟ್ರೋಲ್, ಶಿಫ್ಟ್ ಮೂರನ್ನೂ ಒತ್ತಿ ಹಿಡಿದು ‘ಬಿ’ ಒತ್ತಿದರೆ ಪರದೆಗಳೆಲ್ಲ ಒಮ್ಮೆ ಕಪ್ಪಾಗುತ್ತವೆ, ಸಣ್ಣದೊಂದು ಬೀಪ್ ಕೇಳುತ್ತದೆ, ಮರುಕ್ಷಣ ಎಲ್ಲ ಮೊದಲಿನಂತೆ. ಅಷ್ಟರಲ್ಲಿ ಗ್ರಾಫಿಕ್ಸ್ ಡ್ರೈವರ್, ಅಂದರೆ ಗ್ರಾಫಿಕ್ಸ್ ಚಿಪ್ಪನ್ನು ನಡೆಸುವ ತಂತ್ರಾಂಶ, ಒಂದು ಸಲ ಮಲಗಿ ಎದ್ದಿರುತ್ತದೆ. ತೆರೆದಿಟ್ಟ ಫೈಲುಗಳಿಗೆ ಏನೂ ಆಗುವುದಿಲ್ಲ. ಹೊರಗಿನ ಮಾನಿಟರ್ ಇದ್ದಕ್ಕಿದ್ದಂತೆ ಕೈಕೊಟ್ಟಾಗ ಮೊದಲು ಇದನ್ನು ಒತ್ತಿ ನೋಡಬೇಕು. ಪರದೆ ಮರಳಿ ಬಂದರೆ ಡ್ರೈವರಿನ ಮೇಲೆ ಅನುಮಾನ ಪಡಲು ಕಾರಣವಿದೆ. ಬಾರದಿದ್ದರೆ ಡ್ರೈವರನ್ನು ಸದ್ಯಕ್ಕೆ ಅದರ ಪಾಡಿಗೆ ಬಿಟ್ಟು ಬೇರೆ ಕಡೆ ಹುಡುಕುವುದು ಒಳ್ಳೆಯದು.

ಜನ ಮಾಡುವುದು ಇದಕ್ಕೆ ಉಲ್ಟಾ. ಎರಡನೆಯದೋ ಮೂರನೆಯದೋ ಮಾನಿಟರ್ ಬೆಳಗದಿದ್ದರೆ ನೇರವಾಗಿ ಡ್ರೈವರ್ ಕಿತ್ತುಹಾಕುತ್ತಾರೆ, ಎಲ್ಲೆಲ್ಲಿಂದಲೋ ಹೊಸದನ್ನು ಇಳಿಸಿಕೊಳ್ಳುತ್ತಾರೆ, ಮೂರು ಸಲ ರೀಸ್ಟಾರ್ಟ್ ಮಾಡುತ್ತಾರೆ. ಭಾನುವಾರದ ಮಧ್ಯಾಹ್ನ ಕಳೆದುಹೋಗುತ್ತದೆ, ಮಾನಿಟರ್ ಕಪ್ಪಾಗಿಯೇ ಇರುತ್ತದೆ. ಕೆಲವೊಮ್ಮೆ ಅಲ್ಲಿಯವರೆಗೆ ಸರಿಯಾಗಿದ್ದ ಇನ್ನೊಂದು ಮಾನಿಟರೂ ಹೋಗಿರುತ್ತದೆ. ಚಿತ್ರವೊಂದು ಚಿಪ್ಪಿನಲ್ಲಿ ಹುಟ್ಟಿ ಮೇಜಿನ ಮೇಲಿನ ಗಾಜಿನಲ್ಲಿ ಕಾಣಿಸಿಕೊಳ್ಳುವಷ್ಟರಲ್ಲಿ ಏಳೆಂಟು ಕೈ ದಾಟುತ್ತದೆ. ಅವುಗಳಲ್ಲಿ ಡ್ರೈವರ್ ಒಂದು ಮಾತ್ರ. ಬೈಗುಳ ತಿನ್ನುವುದು ಮಾತ್ರ ಯಾವಾಗಲೂ ಅದೇ.

2020ರ ಲಾಕ್‌ಡೌನ್‌ಗೆ ಮುಂಚೆ ಹಲವು ಮಾನಿಟರುಗಳ ಈ ಕಾಟ ಷೇರು ವಹಿವಾಟಿನವರ, ವಿನ್ಯಾಸಕಾರರ, ಬೆಂಗಳೂರಿನ ಐಟಿ ಕಚೇರಿಗಳ ತಲೆನೋವಾಗಿತ್ತು. ಆಮೇಲೆ ಕಂಪನಿಯ ಲ್ಯಾಪ್‌ಟಾಪ್‌ಗಳು ಹಾಸನಕ್ಕೆ, ಹುಬ್ಬಳ್ಳಿಗೆ, ಕುಂದಾಪುರಕ್ಕೆ ಹೋದವು. ಊರಿನ ಮನೆಯ ಮಹಡಿಯಲ್ಲಿ ಮೇಜು ಬಂತು, ಮೇಜಿನ ಮೇಲೆ ಒಂದು ಮಾನಿಟರ್, ಸ್ವಲ್ಪ ದಿನಕ್ಕೆ ಇನ್ನೊಂದು. ಹಲವು ಪರದೆಗಳ ಆಸೆ ಹೊಸದಲ್ಲ. 1987ರ ಮ್ಯಾಕಿಂಟಾಷ್ 2 ಯಂತ್ರದಲ್ಲೇ ಒಂದಕ್ಕಿಂತ ಹೆಚ್ಚು ಮಾನಿಟರ್ ಜೋಡಿಸಬಹುದಿತ್ತು. ವಿಂಡೋಸ್ 98 ಒಂಬತ್ತು ಮಾನಿಟರುಗಳವರೆಗೆ ಅವಕಾಶ ಕೊಟ್ಟಿತ್ತು. ಆದರೆ ಅವೆಲ್ಲ ಡೆಸ್ಕ್‌ಟಾಪ್ ಕಾಲದ ಮಾತು. ಡೆಸ್ಕ್‌ಟಾಪಿನಲ್ಲಿ ಗ್ರಾಫಿಕ್ಸ್ ಕಾರ್ಡ್ ಕಣ್ಣಿಗೆ ಕಾಣುತ್ತದೆ, ಅದರ ಬೆನ್ನಿನಲ್ಲಿರುವ ಪೋರ್ಟುಗಳೆಲ್ಲ ಅದರವೇ. ಲ್ಯಾಪ್‌ಟಾಪಿನಲ್ಲಿ ಯಾವ ಪೋರ್ಟು ಯಾವ ಚಿಪ್ಪಿಗೆ ಸೇರಿದ್ದು ಎಂಬುದು ತಳದ ಮುಚ್ಚಳದ ಒಳಗೇ ಉಳಿದುಬಿಡುತ್ತದೆ. ಕೊಂಡಾಗ ಜೊತೆಗೆ ಬಂದ ಕೈಪಿಡಿಯಲ್ಲೂ ಅದು ಬರೆದಿರುವುದು ಅಪರೂಪ.

ಮೊದಲು ಚಿಪ್ಪಿನ ಮಿತಿ. ಪ್ರತಿ ಗ್ರಾಫಿಕ್ಸ್ ಚಿಪ್ಪಿನೊಳಗೆ ಚಿತ್ರವನ್ನು ಸಾಲುಸಾಲಾಗಿ ಓದಿ ಹೊರಗೆ ಕಳಿಸುವ ಯಂತ್ರಾಂಶದ ಘಟಕಗಳಿರುತ್ತವೆ. ಇಂಟೆಲ್‌ನ ಎಂಜಿನಿಯರುಗಳು ಇವನ್ನು ಪೈಪ್ ಎಂದೇ ಕರೆಯುತ್ತಾರೆ. ಒಂದು ಪೈಪಿನಿಂದ ಒಂದು ಸ್ವತಂತ್ರ ಚಿತ್ರ, ಅಷ್ಟೇ. ಮನೆಯಲ್ಲಿ ನಲ್ಲಿ ಎಷ್ಟೇ ಇರಲಿ, ಮೇಲಿನ ತೊಟ್ಟಿಯಿಂದ ಇಳಿದಿರುವ ಕೊಳವೆ ಎಷ್ಟು ಎಂಬುದೇ ಲೆಕ್ಕ. 2011ರ ಇಂಟೆಲ್ ಪ್ರೊಸೆಸರುಗಳು ಏಕಕಾಲಕ್ಕೆ ಎರಡು ಪರದೆ ನಡೆಸುತ್ತಿದ್ದವು. 2012ರ ತಲೆಮಾರು ಮೂರಕ್ಕೆ ಏರಿತು. ನಾಲ್ಕಕ್ಕೆ ಏರಲು 2020ರ ಹನ್ನೊಂದನೇ ತಲೆಮಾರು ಬರಬೇಕಾಯಿತು. ಅಂದರೆ ನಡುವಿನ ಎಂಟು ವರ್ಷಗಳಲ್ಲಿ ಮಾರಾಟವಾದ ಲಕ್ಷಾಂತರ ಲ್ಯಾಪ್‌ಟಾಪ್‌ಗಳಿಗೆ ಮೂರೇ ಮಿತಿ. ಅದರಲ್ಲಿ ಒಂದನ್ನು ಲ್ಯಾಪ್‌ಟಾಪಿನ ಸ್ವಂತ ಪರದೆ ತಿಂದುಬಿಡುತ್ತದೆ ಎಂಬುದನ್ನು ಎಲ್ಲರೂ ಮರೆಯುತ್ತಾರೆ. ಡಾಕ್‌ಗೆ (ಒಂದೇ ಕೇಬಲ್ಲಿನಿಂದ ಹಲವು ಪೋರ್ಟು ಕೊಡುವ ಪೆಟ್ಟಿಗೆ) ಮೂರು ಮಾನಿಟರ್ ಸಿಕ್ಕಿಸಿ, ಮೂರನೆಯದು ಸುಮ್ಮನಿದ್ದಾಗ, ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿ ನೋಡಿ. ಮೂರನೆಯದು ತಟ್ಟನೆ ಬೆಳಗಿದರೆ ಅಲ್ಲಿಗೆ ಪತ್ತೇದಾರಿ ಮುಗಿಯಿತು. ರಿಪೇರಿ ಮಾಡಬೇಕಾದ್ದು ಏನೂ ಇಲ್ಲ. (ಮುಚ್ಚಿದೊಡನೆ ಲ್ಯಾಪ್‌ಟಾಪ್ ನಿದ್ದೆಗೆ ಜಾರದಂತೆ ಪವರ್ ಸೆಟ್ಟಿಂಗಿನಲ್ಲಿ ಮೊದಲೇ ಹೇಳಿಟ್ಟಿರಬೇಕು.)

ಈ ಮಿತಿಯ ವಿಷಯದಲ್ಲಿ ಅತಿ ಹೆಚ್ಚು ಜನರನ್ನು ಬೇಸ್ತು ಬೀಳಿಸಿದ್ದು ಆ್ಯಪಲ್. 2020ರ ಕೊನೆಗೆ ಬಂದ ಎಂ1 ಚಿಪ್ಪಿನ ಮ್ಯಾಕ್‌ಬುಕ್‌ಗಳು ವೇಗದಲ್ಲಿ ಎಲ್ಲರನ್ನೂ ಬೆರಗುಗೊಳಿಸಿದವು, ಆದರೆ ಹೊರಗಿನ ಮಾನಿಟರ್ ಒಂದನ್ನು ಮಾತ್ರ ನಡೆಸುತ್ತಿದ್ದವು. ಅವು ಬದಲಿಸಿದ ಹಳೆಯ ಇಂಟೆಲ್ ಮ್ಯಾಕ್‌ಬುಕ್‌ಗಳಲ್ಲಿ ಎರಡು ಮಾನಿಟರ್ ಇಟ್ಟುಕೊಂಡಿದ್ದವರು ಹೊಸ ಯಂತ್ರ ತಂದು ಒಂದಕ್ಕಿಳಿದರು. ಎಂ2 ಕೂಡ ಹಾಗೆಯೇ. 2024ರ ಎಂ3 ಮ್ಯಾಕ್‌ಬುಕ್ ಏರ್‌ನಲ್ಲಿ ಮುಚ್ಚಳ ಮುಚ್ಚಿದರೆ ಎರಡು ಎಂದಾಯಿತು. ಮುಚ್ಚಳ ತೆರೆದಿಟ್ಟೂ ಎರಡು ಮಾನಿಟರ್ ನಡೆಯಲು ಎಂ4 ಬರಬೇಕಾಯಿತು. ದುಬಾರಿ ಯಂತ್ರ ಎಂದ ಮಾತ್ರಕ್ಕೆ ಪೈಪು ಹೆಚ್ಚಿರುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ.

ಎರಡನೆಯ ಗೋಜಲು, ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡದು, ಒಂದೇ ಲ್ಯಾಪ್‌ಟಾಪಿನಲ್ಲಿ ಎರಡು ಗ್ರಾಫಿಕ್ಸ್ ಚಿಪ್ ಇರುವುದು. ಪ್ರೊಸೆಸರಿನ ಜೊತೆಗೇ ಬರುವ ಇಂಟೆಲ್ ಅಥವಾ ಎಎಂಡಿ ಗ್ರಾಫಿಕ್ಸ್ ಒಂದು. ಕರೆಂಟು ಕಡಿಮೆ ತಿನ್ನುತ್ತದೆ, ದಿನನಿತ್ಯದ ಕೆಲಸಕ್ಕೆ ಸಾಕು. ಗೇಮ್, ವಿಡಿಯೊ ಎಡಿಟಿಂಗ್‌ಗೆಂದು ಪ್ರತ್ಯೇಕವಾಗಿ ಕೂರಿಸಿದ ಎನ್‌ವಿಡಿಯಾ ಚಿಪ್ ಇನ್ನೊಂದು. 2010ರಲ್ಲಿ ಎನ್‌ವಿಡಿಯಾ ‘ಆಪ್ಟಿಮಸ್’ ಎಂಬ ಏರ್ಪಾಡು ತಂದಿತು. ಅದರಲ್ಲಿ ಭಾರದ ಚಿತ್ರವನ್ನು ಎನ್‌ವಿಡಿಯಾ ಚಿಪ್ ಬಿಡಿಸುತ್ತದೆ, ಬಿಡಿಸಿದ್ದನ್ನು ಇಂಟೆಲ್ ಚಿಪ್ಪಿನ ಮೆಮೊರಿಗೆ ನಕಲು ಮಾಡುತ್ತದೆ, ಪರದೆಗೆ ಕಳಿಸುವುದು ಇಂಟೆಲ್. ಬಳಸುವವನಿಗೆ ಇದು ಗೊತ್ತೇ ಆಗುವುದಿಲ್ಲ, ಬ್ಯಾಟರಿ ಮಾತ್ರ ಹೆಚ್ಚು ಹೊತ್ತು ಬರುತ್ತದೆ. ಉಪಾಯವೇನೋ ಚೆನ್ನಾಗಿದೆ. ತೊಡಕು ಇರುವುದು ಹೊರಗಿನ ಪೋರ್ಟುಗಳಲ್ಲಿ.

ಎಚ್‌ಡಿಎಂಐ ಪೋರ್ಟಿನ ತಂತಿಯನ್ನು ಯಾವ ಚಿಪ್ಪಿಗೆ ಕಟ್ಟಬೇಕು ಎಂಬುದು ಆ ಲ್ಯಾಪ್‌ಟಾಪ್ ತಯಾರಿಸಿದವರ ಇಷ್ಟ. ಒಂದು ಮಾದರಿಯಲ್ಲಿ ಎಚ್‌ಡಿಎಂಐ ಎನ್‌ವಿಡಿಯಾಕ್ಕೆ, ಟೈಪ್-ಸಿ ಇಂಟೆಲ್‌ಗೆ. ಇನ್ನೊಂದರಲ್ಲಿ ಇದು ತಿರುಗುಮುರುಗು. ಮತ್ತೊಂದರಲ್ಲಿ ಎರಡೂ ಒಂದಕ್ಕೇ. ಹೀಗಾಗಿ ಎನ್‌ವಿಡಿಯಾ ಡ್ರೈವರ್ ಕೆಟ್ಟರೆ ಲ್ಯಾಪ್‌ಟಾಪಿನ ಪರದೆ ಚೆನ್ನಾಗಿಯೇ ಇರುತ್ತದೆ, ಟೈಪ್-ಸಿ ಮಾನಿಟರ್ ಕೂಡ ಉರಿಯುತ್ತಿರುತ್ತದೆ, ಎಚ್‌ಡಿಎಂಐ ಮಾತ್ರ ಸತ್ತಿರುತ್ತದೆ. ನೋಡಿದವರು ಕೇಬಲ್ ಹೋಗಿದೆ ಎನ್ನುತ್ತಾರೆ, ಮಾನಿಟರ್ ಹೋಗಿದೆ ಎನ್ನುತ್ತಾರೆ. ಕೇಬಲ್ಲೂ ಮಾನಿಟರೂ ಸರಿಯಿದ್ದು ಡ್ರೈವರೇ ಕೆಟ್ಟಿರುವ ಅಪರೂಪದ ಹೊತ್ತಿನಲ್ಲಿ ಅದನ್ನು ಮಾತ್ರ ಯಾರೂ ಅನುಮಾನಿಸುವುದಿಲ್ಲ!

ಯಾವ ಪೋರ್ಟು ಯಾರದು ಎಂದು ತಿಳಿಯಲು ಲ್ಯಾಪ್‌ಟಾಪ್ ಬಿಚ್ಚಬೇಕಿಲ್ಲ. ಮಾನಿಟರ್ ಬೆಳಗುತ್ತಿರುವಾಗಲೇ ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ‘ಅಡ್ವಾನ್ಸ್ಡ್ ಡಿಸ್‌ಪ್ಲೇ’ ತೆರೆದರೆ, ಆ ಮಾನಿಟರ್ ಯಾವ ಗ್ರಾಫಿಕ್ಸ್‌ಗೆ ಸೇರಿದೆ ಎಂದು ಹೆಸರಿನ ಕೆಳಗೇ ಬರೆದಿರುತ್ತದೆ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲಿನ ಫಿಸ್‌ಎಕ್ಸ್ ಪುಟದಲ್ಲಿ ಇದರ ಚಿತ್ರವೇ ಇದೆ. ಎಲ್ಲವೂ ಸರಿಯಿರುವ ದಿನ ಒಮ್ಮೆ ನೋಡಿ, ಡೈರಿಯಲ್ಲಿ ಬರೆದಿಟ್ಟುಕೊಳ್ಳಿ. ಕೆಟ್ಟ ದಿನ ಈ ಒಂದು ಸಾಲು ಅರ್ಧ ಕೆಲಸ ಉಳಿಸುತ್ತದೆ. ಇನ್ನೊಂದು ಲಾಭವೂ ಉಂಟು. ಮಾನಿಟರುಗಳನ್ನು ಎರಡು ಚಿಪ್ಪುಗಳ ನಡುವೆ ಹಂಚಿಕೊಂಡರೆ ಎರಡರ ಪೈಪುಗಳೂ ಬಳಕೆಗೆ ಬರುತ್ತವೆ. ಡಾಕ್‌ನಲ್ಲಿ ಬೆಳಗದ ಮೂರನೇ ಮಾನಿಟರ್, ಅದನ್ನು ಕಿತ್ತು ಲ್ಯಾಪ್‌ಟಾಪಿನ ಎಚ್‌ಡಿಎಂಐಗೆ ನೇರ ಸಿಕ್ಕಿಸಿದರೆ ಬೆಳಗುವುದು ಎಷ್ಟೋ ಸಲ ಇದೇ ಕಾರಣಕ್ಕೆ.

ಲಿನಕ್ಸ್ ಬಳಸುವವರಿಗೆ ಆಪ್ಟಿಮಸ್ ಬಹುಕಾಲ ಕಾಟ ಕೊಟ್ಟಿತು. 2012ರಲ್ಲಿ ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದ ಸಭೆಯೊಂದರಲ್ಲಿ ಸಭಿಕರೊಬ್ಬರು ತಮ್ಮ ಆಪ್ಟಿಮಸ್ ಲ್ಯಾಪ್‌ಟಾಪಿನ ಕಷ್ಟ ಹೇಳಿಕೊಂಡಾಗ, ಲಿನಕ್ಸ್ ಜನಕ ಲೀನಸ್ ಟೊರ್ವಾಲ್ಡ್ಸ್ ಕ್ಯಾಮೆರಾದ ಕಡೆ ತಿರುಗಿ ಎನ್‌ವಿಡಿಯಾಕ್ಕೆ ನಡುಬೆರಳು ತೋರಿಸಿ ಅಚ್ಚುಮಾಡಲಾಗದ ಮಾತು ಆಡಿದ್ದು ಜಗತ್ತಿಗೇ ಗೊತ್ತು. ಹತ್ತು ವರ್ಷಗಳ ಬಳಿಕ, 2022ರಲ್ಲಿ, ಎನ್‌ವಿಡಿಯಾ ತನ್ನ ಡ್ರೈವರಿನ ಕರ್ನಲ್ ಭಾಗದ ಮೂಲಸಂಕೇತವನ್ನು ಮುಕ್ತವಾಗಿ ಬಿಟ್ಟಿತು. ಈಗ ಪರಿಸ್ಥಿತಿ ಬಹಳ ಸುಧಾರಿಸಿದೆ. ಆದರೂ ಉಬುಂಟು ಹಾಕಿದ ಲ್ಯಾಪ್‌ಟಾಪಿನಲ್ಲಿ ಎನ್‌ವಿಡಿಯಾ ಡ್ರೈವರ್ ‘ಇನ್‌ಸ್ಟಾಲ್ ಆಗಿದೆ’ ಎಂದು ತೋರಿಸುತ್ತ, ಹೊರಗಿನ ಮಾನಿಟರ್ ಮಾತ್ರ ಬಾರದಿರುವುದುಂಟು. ಬಹಳ ಸಲ ಅಲ್ಲಿ ಅಡ್ಡ ನಿಂತಿರುವುದು ಸೆಕ್ಯೂರ್ ಬೂಟ್. ಸಹಿಯಿಲ್ಲದ ಡ್ರೈವರನ್ನು ಅದು ಒಳಗೆ ಬಿಡುವುದಿಲ್ಲ. ಇನ್‌ಸ್ಟಾಲ್ ಮಾಡುವಾಗ ಕೇಳಿದ ಪಾಸ್‌ವರ್ಡನ್ನು, ಮುಂದಿನ ಬೂಟ್‌ನಲ್ಲಿ ಬರುವ ನೀಲಿ ಪರದೆಯಲ್ಲಿ ಕೊಟ್ಟು ಒಪ್ಪಿಗೆ ಹಾಕಬೇಕು. ಅದನ್ನು ಏನೋ ಎಡವಟ್ಟು ಎಂದುಕೊಂಡು ಎಂಟರ್ ಒತ್ತಿ ಮುಂದೆ ಹೋದವರೇ ಹೆಚ್ಚು.

ಇನ್ನು ಟೈಪ್-ಸಿ. ಬೆಂಗಳೂರಿನ ಎಸ್‌ಪಿ ರೋಡಿನ ಅಂಗಡಿಗಳಲ್ಲಿ ಕೇಳಿದರೆ “ಟೈಪ್-ಸಿ ಅಂದ್ಮೇಲೆ ಎಲ್ಲಾ ಒಂದೇ ಸಾರ್, ಹಾಕ್ಕೊಂಡ್ ನೋಡಿ, ಬರುತ್ತೆ” ಎಂಬ ಉತ್ತರ ಸಿಗುತ್ತದೆ. ಆಕಾರ ಒಂದೇ, ಅದು ನಿಜ. ಒಳಗಿನದು ಒಂದೇ ಅಲ್ಲ. ಈ ಪೋರ್ಟಿನ ಮೂಲಕ ವಿಡಿಯೊ ಕಳಿಸುವ ‘ಆಲ್ಟರ್ನೇಟ್ ಮೋಡ್’ 2014ರಲ್ಲಿ ಬಂತು. ಆದರೆ ಅದನ್ನು ಅಳವಡಿಸಲೇಬೇಕು ಎಂಬ ಕಡ್ಡಾಯವಿಲ್ಲ. ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ಟೈಪ್-ಸಿ ಇರುವುದು ಬರೀ ಡೇಟಾಕ್ಕೆ, ಹೆಚ್ಚೆಂದರೆ ಚಾರ್ಜಿಂಗ್‌ಗೆ. ಪೋರ್ಟಿನ ಪಕ್ಕದಲ್ಲಿ ‘ಡಿ’ಯೊಳಗೆ ‘ಪಿ’ ಬರೆದಂತಿರುವ ಚಿಹ್ನೆಯೋ ಮಿಂಚಿನ ಚಿಹ್ನೆಯೋ ಇದ್ದರೆ ವಿಡಿಯೊ ಬರುತ್ತದೆ. ಇಲ್ಲದಿದ್ದರೆ ತಯಾರಕರ ವೆಬ್‌ಸೈಟಿನಲ್ಲಿ ಆ ಮಾದರಿಯ ವಿವರ ನೋಡಿಯೇ ಖಚಿತಪಡಿಸಿಕೊಳ್ಳಬೇಕು. ಕೇಬಲ್ಲಿನದೂ ಅದೇ ಕಥೆ. ಮೊಬೈಲ್ ಜೊತೆ ಬರುವ ಟೈಪ್-ಸಿ ಕೇಬಲ್ಲುಗಳಲ್ಲಿ ಹೆಚ್ಚಿನವಕ್ಕೆ ವಿಡಿಯೊ ಸಾಗಿಸುವ ತಂತಿಗಳೇ ಇರುವುದಿಲ್ಲ. ಚಾರ್ಜ್ ಆಗುತ್ತದೆ, ಫೈಲೂ ಹೋಗುತ್ತದೆ, ಚಿತ್ರ ಹೋಗುವುದಿಲ್ಲ. ಅದಕ್ಕೆ ಯಾವ ಡ್ರೈವರ್ ಏನು ಮಾಡೀತು?

ವಿಡಿಯೊ ಇರುವ ಟೈಪ್-ಸಿಯಲ್ಲೂ ಜಾಗ ಅಳತೆಯದ್ದೇ. ಇಲ್ಲಿ ಸ್ವಲ್ಪ ಲೆಕ್ಕ ಬೇಕು, ಸಹಿಸಿಕೊಳ್ಳಿ. ಟೈಪ್-ಸಿಯಲ್ಲಿ ವೇಗದ ದಾರಿಗಳು ನಾಲ್ಕು. ಹಬ್‌ನಲ್ಲಿ ವೇಗದ ಯುಎಸ್‌ಬಿ ಪೋರ್ಟುಗಳೂ ಇದ್ದರೆ ಎರಡು ದಾರಿ ಅವಕ್ಕೆ ಹೋಗುತ್ತವೆ, ವಿಡಿಯೊಗೆ ಉಳಿಯುವುದು ಎರಡು. ಡಿಸ್‌ಪ್ಲೇ ಪೋರ್ಟ್ ಎಂಬ ವಿಡಿಯೊ ನಿಯಮದ 1.2ನೇ ಆವೃತ್ತಿಯ ವೇಗದಲ್ಲಿ ಈ ಎರಡು ದಾರಿಗಳಲ್ಲಿ ಸೆಕೆಂಡಿಗೆ 8.64 ಗಿಗಾಬಿಟ್ ಹಿಡಿಸುತ್ತದೆ. 4ಕೆ ಮಾನಿಟರಿನಲ್ಲಿ ಇರುವುದು ಸುಮಾರು 83 ಲಕ್ಷ ಚುಕ್ಕೆಗಳು. ಒಂದೊಂದಕ್ಕೆ 24 ಬಿಟ್, ಸೆಕೆಂಡಿಗೆ 60 ಸಲ ಎಂದರೆ ಸುಮಾರು 12 ಗಿಗಾಬಿಟ್ ಆಗುತ್ತದೆ. ಹಿಡಿಸುವುದಿಲ್ಲ. ಆಗ ಲ್ಯಾಪ್‌ಟಾಪ್ ಜಗಳವಾಡದೆ 60ನ್ನು 30ಕ್ಕೆ ಇಳಿಸುತ್ತದೆ. ಮೌಸ್ ಎಳೆದಲ್ಲೆಲ್ಲ ತಡವರಿಸುತ್ತದೆ, ಅಕ್ಷರ ಸರಿಸುವಾಗ ಕಣ್ಣು ನೋಯುತ್ತದೆ. ‘ಹೊಸ 4ಕೆ ಮಾನಿಟರ್ ಯಾಕೋ ಸ್ಲೋ’ ಎಂಬ ದೂರಿನ ಹಿಂದೆ ಇರುವುದು ಸಾಮಾನ್ಯವಾಗಿ ಇದೇ ಅಗ್ಗದ ಹಬ್. ಹೊಸ ಡಿಸ್‌ಪ್ಲೇ ಪೋರ್ಟ್ 1.4ರಲ್ಲಾದರೆ ಎರಡೇ ದಾರಿಯಲ್ಲಿ 12.96 ಗಿಗಾಬಿಟ್ ಸಿಗುತ್ತದೆ, 4ಕೆ 60 ಹರ್ಟ್ಜ್ ಕಷ್ಟಪಟ್ಟು ಹಿಡಿಸುತ್ತದೆ. ಆದರೆ ಲ್ಯಾಪ್‌ಟಾಪ್, ಹಬ್ ಎರಡೂ 1.4 ಆಗಿರಬೇಕು.

ಅದೇ ಲೆಕ್ಕವನ್ನು ಸಾಧಾರಣ ಫುಲ್ ಎಚ್‌ಡಿ ಮಾನಿಟರುಗಳಿಗೆ ಹಾಕಿ. ಒಂದಕ್ಕೆ ಸುಮಾರು 3 ಗಿಗಾಬಿಟ್. ಎರಡಕ್ಕೆ 6, ಆರಾಮಾಗಿ ಹಿಡಿಸುತ್ತದೆ. ಮೂರನೆಯದನ್ನು ಸೇರಿಸಿದರೆ 9, ಎರಡು ದಾರಿಯ 8.64ನ್ನು ಮೀರುತ್ತದೆ. ಪೆಟ್ಟಿಗೆಯ ಮೇಲೆ ‘ಟ್ರಿಪಲ್ ಡಿಸ್‌ಪ್ಲೇ’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿರುವ ಹಬ್‌ನಲ್ಲಿ ಮೂರನೇ ಮಾನಿಟರ್ ಬೆಳಗದಿರುವುದಕ್ಕೆ ಈ ಒಂದು ಕೂಡಿಕೆಯೇ ಉತ್ತರ. ಪರೀಕ್ಷೆಯೂ ಸುಲಭ: ಬೆಳಗುತ್ತಿರುವ ಎರಡು ಮಾನಿಟರುಗಳ ರೆಸಲ್ಯೂಷನ್ ತಾತ್ಕಾಲಿಕವಾಗಿ ಇಳಿಸಿ. ಮೂರನೆಯದು ಎದ್ದರೆ ಕೊರತೆ ಜಾಗದ್ದು, ಕೆಟ್ಟದ್ದು ಯಾವುದೂ ಅಲ್ಲ. 2020ರಲ್ಲಿ ಬಂದ ಥಂಡರ್‌ಬೋಲ್ಟ್ 4ರ ನಿಯಮದಲ್ಲಿ ಎರಡು 4ಕೆ ಮಾನಿಟರ್ ನಡೆಸುವ ಸಾಮರ್ಥ್ಯ ಕಡ್ಡಾಯ. ಅದರ ಡಾಕ್ ಯಾಕೆ ದುಬಾರಿ ಎಂದು ಕೇಳುವವರಿಗೆ ಇದು ಅರ್ಧ ಉತ್ತರ.

ಒಂದೇ ಕೇಬಲ್ಲಿನಲ್ಲಿ ಹಲವು ಮಾನಿಟರುಗಳ ಚಿತ್ರವನ್ನು ಬೇರೆಬೇರೆಯಾಗಿ ಸಾಗಿಸುವ ತಂತ್ರಕ್ಕೆ ಎಂಎಸ್‌ಟಿ ಎನ್ನುತ್ತಾರೆ. 2010ರ ಡಿಸ್‌ಪ್ಲೇ ಪೋರ್ಟ್ 1.2ರಿಂದ ಇದು ಇದೆ. ವಿಂಡೋಸ್ ಡಾಕ್‌ಗಳಲ್ಲಿ ಹೆಚ್ಚಿನವು ನಂಬಿಕೊಂಡಿರುವುದು ಇದನ್ನೇ. ಮ್ಯಾಕ್ ಇದಕ್ಕೆ ಬೆಂಬಲ ಕೊಡುವುದಿಲ್ಲ. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಎರಡು ಮಾನಿಟರುಗಳಲ್ಲಿ ಎರಡು ಚಿತ್ರ ಕೊಡುತ್ತಿದ್ದ ಡಾಕ್ ಮ್ಯಾಕ್‌ಬುಕ್‌ಗೆ ಹಾಕಿದಾಗ ಎರಡರಲ್ಲೂ ಅದೇ ಚಿತ್ರ ತೋರಿಸಿದರೆ ತಲೆ ಕೆಡಿಸಿಕೊಳ್ಳಬೇಡಿ, ಅದು ಅಷ್ಟೇ. ಎಚ್‌ಡಿಎಂಐ ಸ್ಪ್ಲಿಟರ್ ಎಂದು ಕೆಲವು ನೂರು ರೂಪಾಯಿಗೆ ಸಿಗುವ ವಸ್ತುವಂತೂ ಯಾವ ಕಂಪ್ಯೂಟರಿನಲ್ಲೂ ಪರದೆಯನ್ನು ಎರಡು ಮಾಡುವುದಿಲ್ಲ, ಒಂದೇ ಚಿತ್ರವನ್ನು ಎರಡು ಕಡೆ ತೋರಿಸುತ್ತದೆ. ಅದು ಮದುವೆ ಮಂಟಪದ ಟಿವಿಗಳಿಗೆ ಸರಿ. ಹಾಗೆಯೇ ಡಿಸ್‌ಪ್ಲೇ ಪೋರ್ಟಿನಿಂದ ಎಚ್‌ಡಿಎಂಐ ಮಾನಿಟರಿಗೆ ಹೋಗುವ ಸಾದಾ ಕೇಬಲ್ಲನ್ನು ತಿರುಗಿಸಿ, ಲ್ಯಾಪ್‌ಟಾಪಿನ ಎಚ್‌ಡಿಎಂಐಯಿಂದ ಡಿಸ್‌ಪ್ಲೇ ಪೋರ್ಟ್ ಮಾನಿಟರಿಗೆ ಹಾಕಿದರೆ ನಡೆಯುವುದಿಲ್ಲ. ಆ ದಿಕ್ಕಿಗೆ ಸಂಕೇತವನ್ನು ಬದಲಿಸುವ ಚಿಪ್ ಇರುವ, ಹೆಚ್ಚು ಬೆಲೆಯ ಅಡಾಪ್ಟರೇ ಬೇಕು.

ಮಾನಿಟರ್ ಮತ್ತು ಲ್ಯಾಪ್‌ಟಾಪ್ ಪರಸ್ಪರ ಮಾತಾಡಿಕೊಳ್ಳುತ್ತವೆ ಎಂಬುದು ಹಲವರಿಗೆ ಆಶ್ಚರ್ಯ. ಪ್ರತಿ ಮಾನಿಟರಿನೊಳಗೂ ಇಡಿಐಡಿ ಎಂಬ ಪುಟ್ಟ ದಾಖಲೆ ಇದೆ. ಮೂಲ ದಾಖಲೆ ಬರೀ 128 ಬೈಟ್. ತಯಾರಕರು ಯಾರು, ಯಾವ ಮಾದರಿ, ಯಾವ ವರ್ಷ ತಯಾರಾದದ್ದು, ಯಾವ ರೆಸಲ್ಯೂಷನ್ ತಾಳಿಕೊಳ್ಳಬಲ್ಲೆ ಎಂಬುದೆಲ್ಲ ಅದರಲ್ಲಿದೆ. ಕೇಬಲ್ ಸಿಕ್ಕಿಸಿದ ಕೂಡಲೇ ಎಚ್‌ಡಿಎಂಐಯ 19ನೇ ಪಿನ್ ‘ಬಂದಿದ್ದೇನೆ’ ಎಂದು ಸುದ್ದಿ ಮುಟ್ಟಿಸುತ್ತದೆ. 15 ಮತ್ತು 16ನೇ ಪಿನ್‌ಗಳ ಮೂಲಕ ಲ್ಯಾಪ್‌ಟಾಪ್ ಈ ದಾಖಲೆಯನ್ನು ಓದಿಕೊಳ್ಳುತ್ತದೆ. ಈ ಓದು ತಪ್ಪಿದರೆ ಮಾನಿಟರಿನ ಹೆಸರು ಹೋಗಿ ‘ಜೆನೆರಿಕ್ ಮಾನಿಟರ್’ ಎಂದಾಗುತ್ತದೆ, ರೆಸಲ್ಯೂಷನ್ 1024×768ಕ್ಕೋ ಇನ್ನೂ ಕೆಳಕ್ಕೋ ಇಳಿದು ಅಲ್ಲೇ ಕಚ್ಚಿಕೊಳ್ಳುತ್ತದೆ, ಇಲ್ಲವೆ ಮಾನಿಟರ್ ಬೆಳಗುವುದೇ ಇಲ್ಲ. ಹಳೆಯ ವಿಜಿಎ ಕೇಬಲ್ಲಿನಲ್ಲಿ ಒಂದು ಪಿನ್ ಬಾಗಿದ್ದರೂ ಸಾಕು, ಬಣ್ಣವೆಲ್ಲ ಸರಿಯಾಗಿ ಬರುತ್ತ ರೆಸಲ್ಯೂಷನ್ ಮಾತ್ರ ಏರುವುದಿಲ್ಲ. ಒಂದೇ ಕೀಬೋರ್ಡು, ಮಾನಿಟರನ್ನು ಎರಡು ಕಂಪ್ಯೂಟರಿಗೆ ಹಂಚುವ ಅಗ್ಗದ ಕೆವಿಎಂ ಸ್ವಿಚ್‌ಗಳು ಈ ಮಾತುಕತೆಯನ್ನು ನಡುವೆಯೇ ನುಂಗಿಹಾಕುವುದೂ ಉಂಟು.

ಇದಕ್ಕೆ ಔಷಧ ಸರಳವಾಗಿದೆ, ಸರಳವಾದ್ದರಿಂದಲೇ ಯಾರೂ ಮಾಡುವುದಿಲ್ಲ. ಮಾನಿಟರಿನ ಬಟನ್ ಒತ್ತಿ ಆರಿಸಿದರೆ ಅದು ಪೂರ್ತಿ ಆರುವುದಿಲ್ಲ. ಗೋಡೆಯ ಸ್ವಿಚ್ಚನ್ನೇ ಆರಿಸಿ, ವಿಡಿಯೊ ಕೇಬಲ್ಲನ್ನೂ ಕಿತ್ತು, ಐದು ನಿಮಿಷ ಬಿಟ್ಟು ಹಾಕಬೇಕು. ಡಾಕ್‌ಗೂ ಅದೇ ಶುಶ್ರೂಷೆ. ಅದರೊಳಗೂ ಒಂದು ಸಣ್ಣ ಕಂಪ್ಯೂಟರ್ ಇದೆ, ಅದೂ ಸಿಕ್ಕಿಹಾಕಿಕೊಳ್ಳುತ್ತದೆ. ಡಾಕ್‌ನ ಫರ್ಮ್‌ವೇರ್‌ಗೂ ಅಪ್‌ಡೇಟ್ ಬರುತ್ತದೆ ಎಂಬುದು ಡಾಕ್ ಇಟ್ಟುಕೊಂಡ ಎಷ್ಟೋ ಜನಕ್ಕೆ ಗೊತ್ತಿಲ್ಲ. ಡಿಸ್‌ಪ್ಲೇ ಪೋರ್ಟ್ ಮಾನಿಟರುಗಳಿಗೆ ಮತ್ತೊಂದು ಚಾಳಿ: ನಿದ್ದೆಗೆ ಹೋದಾಗ ಕೆಲವು ಮಾನಿಟರುಗಳು ಕೇಬಲ್ಲೇ ಕಿತ್ತುಹೋದಂತೆ ಸಂಪರ್ಕ ಕಡಿದುಕೊಳ್ಳುತ್ತವೆ. ಚಹಾ ಕುಡಿದು ಬಂದು ನೋಡಿದರೆ ಅಲ್ಲಲ್ಲಿ ಜೋಡಿಸಿಟ್ಟಿದ್ದ ಕಿಟಕಿಗಳೆಲ್ಲ ಲ್ಯಾಪ್‌ಟಾಪಿನ ಪರದೆಗೆ ಬಂದು ರಾಶಿ ಬಿದ್ದಿರುತ್ತವೆ. ವಿಂಡೋಸ್ 11ರಲ್ಲಿ ಕಿಟಕಿಗಳ ಜಾಗ ನೆನಪಿಟ್ಟುಕೊಳ್ಳುವ ಆಯ್ಕೆಯನ್ನು ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ಕೊಟ್ಟ ಮೇಲೆ ಈ ಕಾಟ ಕಡಿಮೆಯಾಗಿದೆ.

ಇಷ್ಟೆಲ್ಲ ದಾಟಿ ಬಂದ ಮೇಲೆ ಡ್ರೈವರ್. ಅದು ಮುಗ್ಧ ಎಂದು ಯಾರೂ ಹೇಳುತ್ತಿಲ್ಲ. ವಿಂಡೋಸ್ ವಿಸ್ಟಾ ಕುರಿತು ಅಮೆರಿಕದಲ್ಲಿ ನಡೆದ ಮೊಕದ್ದಮೆಯಲ್ಲಿ 2008ರಲ್ಲಿ ಹೊರಬಿದ್ದ ಮೈಕ್ರೋಸಾಫ್ಟಿನ ಆಂತರಿಕ ದಾಖಲೆಗಳ ಪ್ರಕಾರ, 2007ರಲ್ಲಿ ಲೆಕ್ಕಕ್ಕೆ ಸಿಕ್ಕ ವಿಸ್ಟಾ ಕುಸಿತಗಳಲ್ಲಿ ಶೇ 28ಕ್ಕಿಂತ ಹೆಚ್ಚು ಎನ್‌ವಿಡಿಯಾ ಡ್ರೈವರುಗಳ ಖಾತೆಯಲ್ಲಿದ್ದವು. ಒಂದು ಚಿಪ್ ಕಂಪನಿಯ ಡ್ರೈವರ್ ಅಷ್ಟು ಕುಸಿತ ತರಬಲ್ಲದು ಎಂಬುದು ಆಗ ದೊಡ್ಡ ಸುದ್ದಿ. ಗ್ರಾಫಿಕ್ಸ್ ಡ್ರೈವರ್ ಬರೆಯುವುದು ಕಷ್ಟದ ಕೆಲಸ: ಅದರ ಒಂದು ಭಾಗ ಆಪರೇಟಿಂಗ್ ಸಿಸ್ಟಂನ ಹೃದಯದಲ್ಲೇ ಓಡುತ್ತದೆ, ಅಲ್ಲಿ ಎಡವಿದರೆ ಇಡೀ ಯಂತ್ರ ಬೀಳುತ್ತದೆ. ವಿಸ್ಟಾದಲ್ಲೇ ಮೈಕ್ರೋಸಾಫ್ಟ್ ಇದಕ್ಕೊಂದು ಪರಿಹಾರವನ್ನೂ ತಂದಿತು. ಗ್ರಾಫಿಕ್ಸ್ ಚಿಪ್ ಎರಡು ಸೆಕೆಂಡು ಉತ್ತರ ಕೊಡದಿದ್ದರೆ ವಿಂಡೋಸ್ ಅದನ್ನು ತಾನೇ ಮತ್ತೆ ಶುರುಮಾಡುತ್ತದೆ. ‘ಡಿಸ್‌ಪ್ಲೇ ಡ್ರೈವರ್ ಪ್ರತಿಕ್ರಿಯಿಸಲಿಲ್ಲ, ಸರಿಪಡಿಸಲಾಗಿದೆ’ ಎಂಬ ಅರ್ಥದ ಸಂದೇಶ ಮೂಲೆಯಲ್ಲಿ ಬರುತ್ತಿದ್ದುದು ಇದಕ್ಕೇ. ಇಂಟೆಲ್, ಎಎಂಡಿ, ಎನ್‌ವಿಡಿಯಾ ಮೂರಕ್ಕೂ ಬೆಂಗಳೂರಿನಲ್ಲಿ ದೊಡ್ಡ ಎಂಜಿನಿಯರಿಂಗ್ ಕೇಂದ್ರಗಳಿವೆ, ಗ್ರಾಫಿಕ್ಸ್ ತಂತ್ರಾಂಶದ ಕೆಲಸ ಅಲ್ಲೂ ನಡೆಯುತ್ತದೆ. ನೀವು ಬೈಯುತ್ತಿರುವ ಡ್ರೈವರಿನ ಒಂದು ತುಣುಕನ್ನು ಬರೆದವರು ನಿಮ್ಮ ಜೊತೆಗೇ ಹೊರವರ್ತುಲ ರಸ್ತೆಯ ಟ್ರಾಫಿಕ್ಕಿನಲ್ಲಿ ನಿಂತಿರಲೂಬಹುದು.

ಡ್ರೈವರೇ ಅಪರಾಧಿ ಎಂದು ಹೇಳುವ ಗುರುತುಗಳು ಕೆಲವೇ. ನಿನ್ನೆಯವರೆಗೆ ಅದೇ ಕೇಬಲ್, ಅದೇ ಪೋರ್ಟಿನಲ್ಲಿ ನಡೆಯುತ್ತಿದ್ದದ್ದು ರಾತ್ರಿ ವಿಂಡೋಸ್ ಅಪ್‌ಡೇಟ್ ಆದ ಮೇಲೆ ನಿಂತಿದ್ದರೆ. ಒಂದು ಚಿಪ್ಪಿಗೆ ಸೇರಿದ ಪೋರ್ಟುಗಳೆಲ್ಲ ಒಟ್ಟಿಗೇ ಸತ್ತು ಇನ್ನೊಂದು ಚಿಪ್ಪಿನವು ಚೆನ್ನಾಗಿದ್ದರೆ. ಡಿವೈಸ್ ಮ್ಯಾನೇಜರಿನಲ್ಲಿ ಚಿಪ್ಪಿನ ಹೆಸರಿನ ಮೇಲೆ ಹಳದಿ ತ್ರಿಕೋನ ಬಿದ್ದಿದ್ದರೆ, ಅಥವಾ ಆ ಹೆಸರಿನ ಜಾಗದಲ್ಲಿ ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಎಂದಿದ್ದರೆ. ಈ ಕೊನೆಯದು ವಿಂಡೋಸ್‌ನ ಆಪದ್ಧರ್ಮದ ಡ್ರೈವರ್. ನಿಜವಾದದ್ದು ಸಿಗದಿದ್ದಾಗ ಹೇಗೋ ಒಂದು ಪರದೆ ತೋರಿಸುತ್ತದೆ, ಎರಡನೇ ಮಾನಿಟರಿನ ಗೊಡವೆಗೆ ಹೋಗುವುದಿಲ್ಲ.

ಅಪ್‌ಡೇಟ್ ಬಳಿಕ ಕೆಟ್ಟಿದ್ದರೆ ಹೊಸದನ್ನು ಹುಡುಕುವ ಮೊದಲು ಹಳೆಯದಕ್ಕೆ ಮರಳಬೇಕು. ಡಿವೈಸ್ ಮ್ಯಾನೇಜರಿನಲ್ಲಿ ಆ ಗ್ರಾಫಿಕ್ಸ್‌ನ ‘ಡ್ರೈವರ್’ ಪುಟದಲ್ಲೇ ‘ರೋಲ್ ಬ್ಯಾಕ್’ ಗುಂಡಿ ಇದೆ. ಅದು ಮಂಕಾಗಿದ್ದರೆ ಹಳೆಯ ಪ್ರತಿ ಉಳಿದಿಲ್ಲ ಎಂದರ್ಥ, ಆಗ ಲ್ಯಾಪ್‌ಟಾಪ್ ತಯಾರಕರ ತಾಣಕ್ಕೆ ಹೋಗಬೇಕು. ಚಿಪ್ ಕಂಪನಿಯ ತಾಣಕ್ಕಲ್ಲವೇ ಎಂದು ಕೇಳಬಹುದು. ಡೆಸ್ಕ್‌ಟಾಪ್ ಆಗಿದ್ದರೆ ಹೌದು. ಲ್ಯಾಪ್‌ಟಾಪಿನಲ್ಲಿ ತಯಾರಕರು ತಮ್ಮ ಮಾದರಿಯ ತಂತಿಜೋಡಣೆ, ಬ್ರೈಟ್‌ನೆಸ್, ನಿದ್ದೆಯ ವರ್ತನೆಗೆ ತಕ್ಕಂತೆ ಡ್ರೈವರಿಗೆ ತಿದ್ದುಪಡಿ ಮಾಡಿರುತ್ತಾರೆ. ಇಂಟೆಲ್‌ನ ಸಾಮಾನ್ಯ ಡ್ರೈವರ್ ಹಿಂದೆಲ್ಲ ಇಂಥ ಲ್ಯಾಪ್‌ಟಾಪ್‌ಗಳಲ್ಲಿ ಇನ್‌ಸ್ಟಾಲ್ ಆಗಲು ಒಪ್ಪುತ್ತಲೇ ಇರಲಿಲ್ಲ, ತಯಾರಕರನ್ನು ಕೇಳಿ ಎಂದು ವಾಪಸ್ ಕಳಿಸುತ್ತಿತ್ತು. 2020ರಲ್ಲಿ ಆ ಬೀಗ ತೆಗೆದರು. ಬೀಗ ತೆಗೆದರೆಂದು ನುಗ್ಗಬೇಕಿಲ್ಲ. ತಯಾರಕರ ಡ್ರೈವರಿನಲ್ಲಿ ಆಗದಿದ್ದರೆ ಮಾತ್ರ ಚಿಪ್ ಕಂಪನಿಯದು ಎಂಬ ಕ್ರಮವೇ ಲ್ಯಾಪ್‌ಟಾಪಿಗೆ ಸರಿ ಎಂಬುದು ನನ್ನ ಅಭಿಪ್ರಾಯ. ‘ನಿಮ್ಮ ಎಲ್ಲ ಡ್ರೈವರುಗಳನ್ನೂ ಒಂದೇ ಕ್ಲಿಕ್ಕಿನಲ್ಲಿ ಅಪ್‌ಡೇಟ್ ಮಾಡುತ್ತೇವೆ’ ಎನ್ನುವ ತಂತ್ರಾಂಶಗಳ ಕಡೆ ತಲೆಯೇ ಹಾಕಬೇಡಿ. ಡಿಡಿಯು ಎಂಬ ಉಚಿತ ಉಪಕರಣ ಸೇಫ್ ಮೋಡ್‌ನಲ್ಲಿ ಹಳೆಯ ಡ್ರೈವರಿನ ಬೇರುಬಿಳಲನ್ನೂ ಕಿತ್ತೊಗೆಯುತ್ತದೆ. ಒಳ್ಳೆಯ ಉಪಕರಣವೇ. ಆದರೆ ಹೊಸ ಡ್ರೈವರಿನ ಫೈಲನ್ನು ಮೊದಲೇ ಇಳಿಸಿಟ್ಟುಕೊಂಡು, ಇಂಟರ್ನೆಟ್ ಕಡಿದು ಅದನ್ನು ಓಡಿಸಬೇಕು. ಇಲ್ಲದಿದ್ದರೆ ನೀವು ಕಿತ್ತ ಜಾಗಕ್ಕೆ ವಿಂಡೋಸ್ ಅಪ್‌ಡೇಟ್ ತನಗೆ ತೋಚಿದ ಡ್ರೈವರನ್ನು ತಂದು ಕೂರಿಸಿಬಿಡುತ್ತದೆ.

ಪೈಪಿನ ಮಿತಿಯನ್ನು ಡ್ರೈವರ್ ಮೀರಿಸುವ ಒಂದು ಸಂದರ್ಭ ಇದೆ. ಡಿಸ್‌ಪ್ಲೇಲಿಂಕ್ ಎಂಬ ತಂತ್ರಜ್ಞಾನದ ಡಾಕ್‌ಗಳು ಗ್ರಾಫಿಕ್ಸ್ ಚಿಪ್ಪಿನ ಪೈಪನ್ನೇ ಬಳಸುವುದಿಲ್ಲ. ಅದರ ಡ್ರೈವರ್ ಚಿತ್ರವನ್ನು ಪ್ರೊಸೆಸರಿನ ನೆರವಿನಿಂದ ಕುಗ್ಗಿಸಿ, ಪೆನ್‌ಡ್ರೈವಿಗೆ ಹೋಗುವ ಡೇಟಾದ ಹಾಗೆಯೇ ಯುಎಸ್‌ಬಿಯಲ್ಲಿ ಕಳಿಸುತ್ತದೆ. ಡಾಕ್‌ನಲ್ಲಿರುವ ಚಿಪ್ ಅದನ್ನು ಬಿಡಿಸಿ ಮಾನಿಟರಿಗೆ ಕೊಡುತ್ತದೆ. ಎಂ1 ಮ್ಯಾಕ್‌ಬುಕ್‌ನವರು ಎರಡನೇ ಮಾನಿಟರ್ ಪಡೆದದ್ದು ಈ ಹಿಂಬಾಗಿಲಿನಿಂದಲೇ. ಮೇಲ್, ಎಕ್ಸೆಲ್, ಕೋಡಿಂಗ್‌ಗೆ ಧಾರಾಳವಾಗಿ ಸಾಕು. ಗೇಮ್ ಆಡುವವರಿಗೆ ಅಲ್ಲ. ಮ್ಯಾಕ್‌ನಲ್ಲಿ ಇದಕ್ಕೆ ಸ್ಕ್ರೀನ್ ರೆಕಾರ್ಡಿಂಗ್ ಅನುಮತಿ ಕೊಡಬೇಕು, ಕೊಟ್ಟ ಮೇಲೆ ನಕಲು ತಡೆಯುವ ಒಟಿಟಿ ಸಿನಿಮಾಗಳು ಕಪ್ಪಾಗಿ ಕಾಣುತ್ತವೆ. ಸಂಜೆ ಅದೇ ಮೇಜಿನಲ್ಲಿ ಸಿನಿಮಾ ನೋಡುವ ಅಭ್ಯಾಸವಿದ್ದರೆ ಕೊಳ್ಳುವ ಮೊದಲೇ ಯೋಚಿಸಿ.

ಯಾವ ಪಟ್ಟಿಗೂ ಸೇರದ ಒಂದು ಕಾರಣವನ್ನೂ ಹೇಳಬೇಕು, ಏಕೆಂದರೆ ಕೇಳಿದವರು ನಂಬುವುದಿಲ್ಲ. ಗ್ಯಾಸ್ ಸಿಲಿಂಡರಿನ ಮೇಲೆ ಏರಿಳಿಯುವ ಆಫೀಸ್ ಕುರ್ಚಿಯಲ್ಲಿ ಕೂತು ಏಳುವಾಗ ಹುಟ್ಟುವ ಸ್ಥಿರವಿದ್ಯುತ್ತಿನ ಕಿಡಿ, ಹತ್ತಿರದ ವಿಡಿಯೊ ಕೇಬಲ್ಲಿನ ಸಂಕೇತವನ್ನು ಕ್ಷಣಕಾಲ ಕೆಡಿಸಿ ಮಾನಿಟರನ್ನು ಕಪ್ಪು ಮಾಡಬಲ್ಲದು. ಡಿಸ್‌ಪ್ಲೇಲಿಂಕ್‌ನವರೇ ತಮ್ಮ ಬೆಂಬಲ ಪುಟದಲ್ಲಿ ಇದನ್ನು ಗಂಭೀರವಾಗಿ ಬರೆದಿದ್ದಾರೆ. ನಮ್ಮ ಮನೆಗಳಲ್ಲಿ ಅರ್ಥಿಂಗ್ ಸರಿಯಿಲ್ಲದ ಪ್ಲಗ್, ಅದೇ ಎಕ್ಸ್‌ಟೆನ್ಷನ್ ಬಾಕ್ಸಿನಲ್ಲಿ ಫ್ಯಾನು ಇವೂ ಆ ಕೆಲಸ ಮಾಡಬಲ್ಲವು. ಸ್ವಿಚ್ ಹಾಕಿದಾಗಲೆಲ್ಲ ಮಾನಿಟರ್ ಒಂದು ಕ್ಷಣ ಹೋಗಿ ಬರುತ್ತಿದ್ದರೆ ಕರೆಸಬೇಕಾದ್ದು ಎಲೆಕ್ಟ್ರಿಷಿಯನ್ನನ್ನು. ಗಿಡ್ಡನೆಯ, ಒಳ್ಳೆಯ ಕವಚವಿರುವ ಕೇಬಲ್ ಕೂಡ ನೆರವಾಗುತ್ತದೆ.

ಕಂಪನಿಯ ಲ್ಯಾಪ್‌ಟಾಪ್ ಆಗಿದ್ದರೆ ಡ್ರೈವರ್ ಬದಲಿಸುವ ಅಧಿಕಾರ ನಿಮಗೆ ಇರುವುದಿಲ್ಲ, ಐಟಿ ಹೆಲ್ಪ್‌ಡೆಸ್ಕಿಗೆ ಟಿಕೆಟ್ ಹಾಕಬೇಕು. ‘ಮಾನಿಟರ್ ಬರುತ್ತಿಲ್ಲ’ ಎಂದಷ್ಟೇ ಬರೆದರೆ ಬರುವ ಉತ್ತರ ‘ರೀಸ್ಟಾರ್ಟ್ ಮಾಡಿ ನೋಡಿ’. ಅದರ ಬದಲು ಬರೆಯಬೇಕಾದ್ದು ಇಷ್ಟು: ಲ್ಯಾಪ್‌ಟಾಪ್ ಮತ್ತು ಡಾಕ್‌ನ ಮಾದರಿ, ಯಾವ ಮಾನಿಟರ್ ಯಾವ ಪೋರ್ಟಿನಲ್ಲಿದೆ, ಆ ಪೋರ್ಟು ಯಾವ ಚಿಪ್ಪಿನದು, ಎರಡು ಮಾನಿಟರುಗಳ ಕೇಬಲ್ ಅದಲುಬದಲು ಮಾಡಿದಾಗ ತೊಂದರೆ ಕೇಬಲ್ಲಿನ ಜೊತೆ ಹೋಯಿತೋ, ಮಾನಿಟರಿನ ಜೊತೆ ಹೋಯಿತೋ, ಪೋರ್ಟಿನಲ್ಲೇ ಉಳಿಯಿತೋ, ಮುಚ್ಚಳ ಮುಚ್ಚಿದಾಗ, ರೆಸಲ್ಯೂಷನ್ ಇಳಿಸಿದಾಗ ಏನಾಯಿತು, ಡ್ರೈವರಿನ ಆವೃತ್ತಿ ಮತ್ತು ದಿನಾಂಕ. ಇಷ್ಟು ಬರೆದ ಟಿಕೆಟ್ ಮೊದಲ ಮೇಜಿನಲ್ಲಿ ಕೊಳೆಯದೆ ವಿಷಯ ಬಲ್ಲವರ ಕೈಗೆ ಹೋಗುತ್ತದೆ. ಅರ್ಧಕ್ಕರ್ಧ ಸಲ ಟಿಕೆಟ್ ಕಳಿಸುವ ಅಗತ್ಯವೇ ಬೀಳುವುದಿಲ್ಲ, ಕೇಬಲ್ ಅದಲುಬದಲು ಮಾಡುವಾಗಲೇ ಕಳ್ಳ ಸಿಕ್ಕಿರುತ್ತಾನೆ.